ಹೊಲ ಯಾರದು, ಹಕ್ಕು ಎಂಥದು?

ನಮ್ಮ ತರಗತಿಯಲ್ಲಿ ಇಂಡಿಯವರಿದ್ದಾರೆ, ಸಿಂದಗಿಯವರಿದ್ದಾರೆ, ಮುದ್ದೇಬಿಹಾಳದವರಿದ್ದಾರೆ, ಬಸವನ ಬಾಗೇವಾಡಿಯವರೂ ಇದ್ದಾರೆ. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪಾಠ ಕೇಳುವ ನಾವು ಆಸ್ತಿಯ ಹಕ್ಕಿನ ಪಾಠ ಬಂದ ದಿನ ಮಾತ್ರ ಎರಡು ಪಕ್ಷವಾದೆವು. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲವೆಂದು ಗುರುಗಳು ಹೇಳಿದ ಕೂಡಲೆ ಬಾಗೇವಾಡಿಯ ಕಡೆಯ ಗೆಳೆಯನೊಬ್ಬ ಎದ್ದು ನಿಂತು, "ಹಾಗಾದರೆ ನಮ್ಮೂರು ಮುಳುಗಿದ್ದು ಯಾರ ಹಕ್ಕಿನಿಂದ, ಸರ್?" ಎಂದು ಕೇಳಿದ. ಹಿಂದಿನ ಬೆಂಚಿನಿಂದ ಸಿಂದಗಿಯ ಗೆಳೆಯ, "ನಿಮ್ಮೂರು ಮುಳಗದಿದ್ರ ನಮ್ಮ ಹೊಲಕ್ಕ ನೀರು ಎಲ್ಲಿಂದ ಬರತಿತ್ತಪ್ಪಾ?" ಎಂದ. ತರಗತಿಯೆಲ್ಲ ನಕ್ಕಿತು. ಕೇಳಿದವನು ಮಾತ್ರ ನಗಲಿಲ್ಲ. ಅವನ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ನನಗೆ ತಿಳಿದಮಟ್ಟಿಗೆ ಅದಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ನಮ್ಮದು ಬಿಸಿಲಿನ ನಾಡು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಡೋಣಿ ಹರಿಯದ ವರ್ಷ ಓಣಿಗೆ ಓಣಿಯೇ ಗುಳೆ ಹೋಯಿತೆಂಬುದನ್ನು ಅವರು ಗಾದೆ ಮಾಡಲಿಲ್ಲ, ಅಷ್ಟೆ. ಇಂಥ ನಾಡಿಗೆ ಕೃಷ್ಣೆಯ ನೀರು ಹತ್ತಿಸಬೇಕೆಂದು 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಆಲಮಟ್ಟಿ ಆಗ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ನಲವತ್ತೆರಡು ವರ್ಷಗಳ ತರುವಾಯ, 2006ರ ಆಗಸ್ಟ್ 21ರಂದು, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. 519.60 ಮೀಟರ್ ಎತ್ತರಕ್ಕೆ ನೀರು ನಿಂತಾಗ ಅದರಲ್ಲಿ ಹಿಡಿಯುವುದು ಸುಮಾರು 123 ಟಿ.ಎಂ.ಸಿ. ಕೆಳಗೆ ನಾರಾಯಣಪುರದ ಬಸವಸಾಗರವಿದೆ. ಎರಡೂ ಜಲಾಶಯಗಳ ಹಿನ್ನೀರಿಗೆ ಸಿಕ್ಕ ಹಳ್ಳಿಗಳು ನೂರೆಪ್ಪತ್ತಕ್ಕೂ ಹೆಚ್ಚು. ಬಾಗಲಕೋಟೆಯಂಥ ಪಟ್ಟಣದ ಅರೆಭಾಗವೇ ಎದ್ದು ನವನಗರಕ್ಕೆ ಹೋಗಬೇಕಾಯಿತು.

ಈ ಲೆಕ್ಕದ ಜಮೆ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬಿದ್ದಿದೆ. ಹೊಳೆಯ ದಂಡೆಯ ಬಾಗೇವಾಡಿ, ಮುದ್ದೇಬಿಹಾಳಗಳ ಹಳ್ಳಿಗಳು ತಮ್ಮ ಫಲವತ್ತಾದ ಮಡ್ಡು ಹೊಲಗಳನ್ನೂ ಗುಡಿಗಳನ್ನೂ ಹಿರಿಯರ ಗೋರಿಗಳನ್ನೂ ನೀರಿಗೆ ಬಿಟ್ಟವು. ಇಂಡಿ ಶಾಖಾ ಕಾಲುವೆಯೂ, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳೂ ಆ ನೀರನ್ನು ದೂರದ ಒಣ ಹೊಲಗಳಿಗೆ ಒಯ್ದವು. ಹಾಗೆಂದು ಒಬ್ಬರದು ಬರೀ ಲಾಭ, ಇನ್ನೊಬ್ಬರದು ಬರೀ ಹಾನಿ ಎನ್ನುವಂತಿಲ್ಲ. ಕಾಲುವೆ ತೋಡುವಾಗ ಇಂಡಿ, ಸಿಂದಗಿಗಳ ಹೊಲಗಳೂ ನಡುವೆ ಸೀಳಿದವು. ಬಾಗೇವಾಡಿಯ ಎತ್ತರದ ಹೊಲಗಳೂ ನೀರು ಕಂಡವು. ಆದರೂ ಕೊಟ್ಟವನ ಮನೆ ಯಾವುದು, ಪಡೆದವನ ಮನೆ ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲ ನಾಡುಗಳು ಹೆಚ್ಚಿಲ್ಲ. ನಮ್ಮದು ಅಂಥ ನಾಡು. ಆದುದರಿಂದ ಆಸ್ತಿಯ ಹಕ್ಕು ನಮಗೆ ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ, ಮನೆಯ ಮಾತು.

ಮೊದಲ ಪ್ರಶ್ನೆ: ಸರಕಾರವು ಒಬ್ಬನ ಹೊಲವನ್ನು ಅವನ ಮನಸ್ಸಿಗೆ ವಿರುದ್ಧವಾಗಿ ತೆಗೆದುಕೊಳ್ಳಬಹುದೆ? ತೆಗೆದುಕೊಳ್ಳಬಹುದು ಎಂಬುದೇ ನನ್ನ ಉತ್ತರ. ಅದಕ್ಕೆ ಕಾರಣ ಪುಸ್ತಕದಲ್ಲಿಲ್ಲ, ನಮ್ಮ ಮನೆಯಲ್ಲಿಯೇ ಇದೆ.

ನಮ್ಮ ಮುತ್ಯಾ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇರೊಬ್ಬರ ಎಂಟು ಎಕರೆ ಎರೆ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ರಾಶಿಯಾದ ದಿನ ಅರ್ಧ ಜೋಳ ಒಡೆಯರ ಮನೆಗೆ ಹೋಗುತ್ತಿತ್ತು. 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ದೊಡ್ಡ ತಿದ್ದುಪಡಿ ಬಂದು, ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರಕಾರದಲ್ಲಿ ನಿಹಿತವಾಯಿತು. ಉಳುವವನು ಅರ್ಜಿ ಹಾಕಿಕೊಂಡರೆ ಭೂನ್ಯಾಯ ಮಂಡಳಿಯು ವಿಚಾರಣೆ ಮಾಡಿ ಅವನಿಗೆ ಅಧಿಭೋಗದ ಹಕ್ಕು ಕೊಡುತ್ತಿತ್ತು. ಮುತ್ಯಾನಿಗೆ ಓದು ಬರದು. ಊರ ಶಾಲೆಯ ಮಾಸ್ತರರು ಒಂದು ಸಂಜೆ ಕಂದೀಲಿನ ಬೆಳಕಿನಲ್ಲಿ ಕುಳಿತು ನಮೂನೆ 7ನ್ನು ತುಂಬಿ ಕೊಟ್ಟರು, ಸರ್ವೆ ನಂಬರನ್ನು ಎರಡು ಸಲ ತಾಳೆ ನೋಡಿದರು, ಮಂಡಳಿಯ ಮುಂದೆ ಏನು ಹೇಳಬೇಕೆಂಬುದನ್ನು ಕಲಿಸಿದರು. ಹೊಲ ನಮ್ಮದಾಯಿತು. ಆ ಎಂಟು ಎಕರೆಯ ಮೇಲೆ ನಮ್ಮ ಅಪ್ಪ ಬೆಳೆದರು. ಅದರ ಜೋಳವನ್ನೇ ಉಂಡು ನಾನು ಇಂದು ಕಾಲೇಜಿಗೆ ಬರುತ್ತಿದ್ದೇನೆ.

ಹಳೆಯ ಒಡೆಯರ ಮೊಮ್ಮಕ್ಕಳು ಈ ಕಥೆಯನ್ನು ಬೇರೆ ರೀತಿಯಾಗಿ ಹೇಳಿಯಾರು. ಅದು ಸಹಜವೇ. ಆದರೆ ಆಸ್ತಿಯ ಹಕ್ಕು ಕಲ್ಲಿನ ಗೋಡೆಯಂತೆ ಅಲುಗಾಡದೆ ನಿಂತಿದ್ದರೆ ಉಳುವವನಿಗೆ ಹೊಲವೆಂಬುದು ಬರಿಯ ಘೋಷಣೆಯಾಗಿಯೇ ಉಳಿಯುತ್ತಿತ್ತು. ಸರಕಾರದ ಕೈ ಒಬ್ಬನಿಂದ ತೆಗೆದು ನಮಗೆ ಕೊಟ್ಟಾಗ ಧರ್ಮವೆಂದು ಹೊಗಳಿ, ನಮ್ಮಿಂದ ತೆಗೆದು ಮತ್ತೊಬ್ಬನಿಗೆ ಕೊಟ್ಟಾಗ ಅಧರ್ಮವೆಂದು ಕೂಗುವುದು ನ್ಯಾಯವಲ್ಲ.

ಇನ್ನು ಎರಡನೆಯ ಕಥೆ. 1990ರ ದಶಕದಲ್ಲಿ ಊರ ಮುಂದಿನ ಹಳ್ಳಕ್ಕೆ ಒಂದು ಸಣ್ಣ ಕೆರೆ ಕಟ್ಟುವುದಾಯಿತು. ಅದಕ್ಕೆ ನಮ್ಮ ಎಂಟು ಎಕರೆಯಲ್ಲಿ ಮೂರು ಎಕರೆ ಹೋಯಿತು. ಕೆರೆ ಬೇಕೇ ಬೇಕಾಗಿತ್ತು. ಮುತ್ಯಾ ತಕರಾರು ಮಾಡಲಿಲ್ಲ. ಚಾವಡಿಯ ಗೋಡೆಗೆ ಒಂದು ಕಾಗದ ಅಂಟಿಸಿದ್ದರಂತೆ. ಅದರಲ್ಲಿ ಏನಿತ್ತೆಂದು ಯಾರೂ ಓದಿ ಹೇಳಲಿಲ್ಲ. ಮಾಸ್ತರರು ಆಗಲೇ ನಿವೃತ್ತರಾಗಿ ತಮ್ಮೂರಿಗೆ ಹೋಗಿದ್ದರು. ಹಣ ಕೊಡುವ ದಿನ ಮುತ್ಯಾ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ ಬಂದರು. ಬದುವಿಗೆ ಬದು ಹತ್ತಿದ ಪಕ್ಕದ ಹೊಲದವರ ಸಂಬಂಧಿಕನೊಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದ. ಅವನು ಹೇಳಿಕೊಟ್ಟಂತೆ ಅವರು ರಸೀದಿಯ ಮೇಲೆ "ತಕರಾರಿನ ಮೇರೆಗೆ ಪಡೆದಿದ್ದೇನೆ" ಎಂದು ಬರೆಸಿ, ಅವಧಿಯೊಳಗೆ ಅರ್ಜಿ ಕೊಟ್ಟರು. ಕೆಲವು ವರ್ಷಗಳ ಮೇಲೆ ನ್ಯಾಯಾಲಯವು ಅವರ ಹೊಲದ ಬೆಲೆಯನ್ನು ದುಪ್ಪಟ್ಟಿಗೂ ಮಿಕ್ಕಿ ಏರಿಸಿತು. ಒಂದೇ ಮಣ್ಣು, ಒಂದೇ ಕೆರೆ, ಒಂದೇ ಅಧಿಸೂಚನೆ. ಬೆಲೆ ಮಾತ್ರ ಎರಡು. ಮುತ್ಯಾ ಈಗಲೂ ಕೆರೆಯ ಏರಿಯ ಮೇಲೆ ಕುಳಿತಾಗ ಹೇಳುವುದುಂಟು: "ನಾಕ ಅಕ್ಷರ ಬರತಿದ್ವು ಅಂದ್ರ ಈ ಹೊಲದ ಬೆಲಿ ಬ್ಯಾರೆ ಇರತಿತ್ತು ನೋಡಪ್ಪಾ."

ಮುತ್ಯಾನ ಮಾತು ಕಾನೂನಿನ ದೃಷ್ಟಿಯಿಂದಲೂ ಅಕ್ಷರಶಃ ನಿಜ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯಂತೆ, ತಕರಾರು ದಾಖಲಿಸದೆ ಹಣ ಪಡೆದವನು ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಉಲ್ಲೇಖ ಮಾಡಿರೆಂದು ಕೇಳುವಂತಿರಲಿಲ್ಲ. 1984ರ ತಿದ್ದುಪಡಿಯಲ್ಲಿ ಬಡವರಿಗಾಗಿ 28ಎ ಎಂಬ ಒಂದು ಕಲಮನ್ನು ಸೇರಿಸಿದರು. ಒಂದೇ ಅಧಿಸೂಚನೆಯ ಹೊಲಗಳಲ್ಲಿ ಒಬ್ಬನಿಗೆ ನ್ಯಾಯಾಲಯ ಬೆಲೆ ಏರಿಸಿದರೆ, ಉಳಿದವರೂ ಅದೇ ಬೆಲೆ ಕೇಳಬಹುದು. ಆದರೆ ಆ ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ತೀರ್ಪಾದ ಸುದ್ದಿ ನಮ್ಮ ಮನೆಗೆ ತಲುಪುವಷ್ಟರಲ್ಲಿ ಮೂರು ತಿಂಗಳೇನು, ಮೂರು ಸುಗ್ಗಿಗಳೇ ಕಳೆದಿದ್ದವು. ಬಾಗಿಲು ಇತ್ತು, ಅದು ತೆರೆದದ್ದು ನಮಗೆ ತಿಳಿಯಲಿಲ್ಲ.

ಮೊದಲ ಸಲ ಮುತ್ಯಾನ ಪಕ್ಕದಲ್ಲಿ ಓದು ಬಲ್ಲವನೊಬ್ಬ ಕುಳಿತಿದ್ದ, ಹಕ್ಕು ದಕ್ಕಿತು. ಎರಡನೆಯ ಸಲ ಯಾರೂ ಇರಲಿಲ್ಲ, ಹಕ್ಕು ಹೋಯಿತು. ಕಾನೂನು ಎರಡೂ ಸಲ ಇತ್ತು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಆದರೆ ಅದಕ್ಕೆ ಮೊದಲು ಸಂವಿಧಾನದಲ್ಲಿ ಈ ಹಕ್ಕಿಗೆ ಏನಾಯಿತೆಂಬುದನ್ನು ಸಂಕ್ಷೇಪವಾಗಿ ನೋಡಬೇಕು.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಆಸ್ತಿ ಗಳಿಸುವ, ಇಟ್ಟುಕೊಳ್ಳುವ, ಮಾರುವ ಹಕ್ಕು 19ನೆಯ ವಿಧಿಯಲ್ಲಿತ್ತು. ಪರಿಹಾರವಿಲ್ಲದೆ ಸರಕಾರ ಆಸ್ತಿಯನ್ನು ತೆಗೆದುಕೊಳ್ಳಬಾರದೆಂದು 31ನೆಯ ವಿಧಿ ಹೇಳುತ್ತಿತ್ತು. ಜಮೀನುದಾರಿ ರದ್ದು ಮಾಡುವ ಕಾನೂನುಗಳಿಗೆ ಇದು ಅಡ್ಡ ಬಂದುದರಿಂದ 1951ರಲ್ಲಿಯೇ ಮೊದಲ ತಿದ್ದುಪಡಿಯಾಗಿ ಒಂಬತ್ತನೆಯ ಅನುಸೂಚಿ ಹುಟ್ಟಿತು. 1953ರಲ್ಲಿ ಬೇಲಾ ಬ್ಯಾನರ್ಜಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪರಿಹಾರವೆಂದರೆ ಕಳೆದುಕೊಂಡುದಕ್ಕೆ ಸರಿಸಮವಾದ ಬೆಲೆ ಎಂದಿತು. ಸಂಸತ್ತು 1955ರಲ್ಲಿ ನಾಲ್ಕನೆಯ ತಿದ್ದುಪಡಿಯ ಮೂಲಕ, ಪರಿಹಾರ ಸಾಲದೆಂದು ಕೋರ್ಟಿನಲ್ಲಿ ಕೇಳಕೂಡದೆಂದಿತು. 1971ರ ಇಪ್ಪತ್ತೈದನೆಯ ತಿದ್ದುಪಡಿಯಲ್ಲಿ "ಪರಿಹಾರ" ಎಂಬ ಶಬ್ದವೇ ಹೋಗಿ "ಮೊಬಲಗು" ಎಂಬುದು ಬಂದಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆ 1973ರ ಏಪ್ರಿಲ್ 24ರಂದು ತೀರ್ಮಾನವಾಯಿತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸಲಾಗದೆಂಬ ಮಹಾತತ್ವ ಆ ತೀರ್ಪಿನಿಂದ ದೇಶಕ್ಕೆ ದಕ್ಕಿತು. ಆದರೆ ಆಸ್ತಿಯ ಹಕ್ಕಿಗೆ ಆ ರಕ್ಷಣೆ ಸಿಗಲಿಲ್ಲ. ಕೊನೆಗೆ 1978ರ ನಲವತ್ತನಾಲ್ಕನೆಯ ತಿದ್ದುಪಡಿಯು ಅದನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ಎಬ್ಬಿಸಿ 300ಎ ವಿಧಿಯಲ್ಲಿ ಕೂರಿಸಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎಂಬಷ್ಟೇ ಮಾತು ಅಲ್ಲಿದೆ.

ಇದನ್ನು ಮಾಡಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅವರ ಕಣ್ಣ ಮುಂದಿದ್ದವರು ಸಾವಿರಾರು ಎಕರೆಯ ಜಮೀನುದಾರರು. ಆದರೆ ಜಮೀನುದಾರಿ ಹೋದ ಮೇಲೆ ಉಳಿದವರು ಯಾರು? ಮೂರು ಎಕರೆಯ, ಐದು ಎಕರೆಯ ಒಣ ಬೇಸಾಯಗಾರರು. ಹುಲಿಗೆಂದು ತೋಡಿದ ಖೆಡ್ಡಕ್ಕೆ ಆಡು ಬಿದ್ದಂತಾಯಿತು. ದೊಡ್ಡವನಿಗೆ ಆಸ್ತಿಯೆಂದರೆ ಹಲವು ಸೊತ್ತುಗಳಲ್ಲಿ ಒಂದು. ಸಣ್ಣವನಿಗೆ ಅದೇ ಅನ್ನ, ಅದೇ ಮಗಳ ಮದುವೆ, ಅದೇ ಊರೊಳಗಿನ ಮಾನ. ಆಸ್ತಿಯ ಹಕ್ಕನ್ನು ಸಿರಿವಂತರ ಹಕ್ಕೆಂದು ತಿಳಿಯುವ ಗೆಳೆಯರು ಒಮ್ಮೆ ಪುನರ್ವಸತಿ ಊರುಗಳಿಗೆ ಹೋಗಿ ಅಲ್ಲಿಯ ಮುದುಕರ ಮಾತು ಕೇಳಬೇಕು.

ಸಮಾಧಾನದ ಸಂಗತಿಯೆಂದರೆ, ಸಂಸತ್ತು ಸಣ್ಣದು ಮಾಡಿದ ಹಕ್ಕಿಗೆ ನ್ಯಾಯಾಲಯಗಳು ಮೆಲ್ಲಗೆ ಜೀವ ತುಂಬುತ್ತಿವೆ. ಅದರಲ್ಲಿ ನಮ್ಮ ರಾಜ್ಯದ ಮೊಕದ್ದಮೆಗಳ ಪಾಲೂ ದೊಡ್ಡದು. ಬೆಂಗಳೂರಿನ ಹೊರಗಿನ ತಾತಗುಣಿಯಲ್ಲಿ ರೋರಿಕ್ ದಂಪತಿಗಳ ತೋಟವನ್ನು ಸರಕಾರ ವಶಪಡಿಸಿಕೊಂಡ ಮೊಕದ್ದಮೆಯಲ್ಲಿ, 2011ರಲ್ಲಿ, ಸಾರ್ವಜನಿಕ ಉದ್ದೇಶವೂ ಪರಿಹಾರವೂ 300ಎ ವಿಧಿಯೊಳಗೇ ಅಡಗಿವೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಖಾಸಗಿ ಆಸ್ತಿಯೆಲ್ಲ ಸಮುದಾಯದ ಸಂಪತ್ತೇ ಎಂಬ ವಾದವು ನಮ್ಮ ರಾಜ್ಯದ ಖಾಸಗಿ ಬಸ್ಸುಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ, 1977ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಅಭಿಪ್ರಾಯದಲ್ಲಿ ಮೂಡಿತ್ತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಾಧೀಶರ ಪೀಠದ ಬಹುಮತ ಅದನ್ನು ಒಪ್ಪಲಿಲ್ಲ. ಅದೇ 2024ರ ಮೇ ತಿಂಗಳಲ್ಲಿ, ಕೋಲ್ಕತ್ತದ ಒಂದು ಮೊಕದ್ದಮೆಯಲ್ಲಿ, 300ಎ ವಿಧಿಯ ಒಳಗಿರುವ ಏಳು ಹಕ್ಕುಗಳನ್ನು ಕೋರ್ಟು ಎಣಿಸಿ ಹೇಳಿತು: ನೋಟೀಸು ಪಡೆಯುವುದು, ಅಹವಾಲು ಹೇಳಿಕೊಳ್ಳುವುದು, ಕಾರಣಸಹಿತ ನಿರ್ಣಯ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ನಡವಳಿಕೆ, ಮತ್ತು ಎಲ್ಲವೂ ಒಂದು ಕೊನೆ ಮುಟ್ಟುವುದು.

ಈ ಏಳರಲ್ಲಿ ಕಡೆಯ ಎರಡನ್ನು ಹಗುರಾಗಿ ಎಣಿಸಬಾರದು. ಬೆಂಗಳೂರು-ಮೈಸೂರು ಹೆದ್ದಾರಿ ಯೋಜನೆಗೆ 2003ರಲ್ಲಿ ಅಧಿಸೂಚನೆಯಾದ ಜಮೀನುಗಳ ಒಡೆಯರು ಸುಮಾರು ಇಪ್ಪತ್ತೆರಡು ವರ್ಷ ಪರಿಹಾರ ಕಾಣಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಹಳೆಯ ದರ ನಡೆಯದು, 2019ರ ಏಪ್ರಿಲ್ ತಿಂಗಳ ಮಾರುಕಟ್ಟೆ ಬೆಲೆಯಂತೆ ಲೆಕ್ಕ ಹಾಕಿರೆಂದು ಆಜ್ಞೆ ಮಾಡಿತು. ತಡವಾಗಿ ಕೊಟ್ಟ ಹಣ ಕಡಿಮೆ ಕೊಟ್ಟ ಹಣವೇ. ಅಧಿಸೂಚನೆಯ ಕಟ್ಟಿಗೆ ಸಿಕ್ಕ ಹೊಲದ ಪಾಡೂ ಅಂಥದೇ. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆ ಹೊಲವನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಒಡೆಯ ಬಾವಿ ತೋಡಲು ಅಂಜುತ್ತಾನೆ, ಮಾವಿನ ಸಸಿ ಹಚ್ಚಲು ಹಿಂದೆಗೆಯುತ್ತಾನೆ. ಹೊಲ ಹೆಸರಿಗೆ ಅವನದು, ಹೋಗಲಿರುವುದು ಸರಕಾರಕ್ಕೆ. ಬೆಲೆ ಮಾತ್ರ ಇನ್ನೂ ಯಾರ ಕೈಗೂ ಬಂದಿಲ್ಲ. ಮುಟ್ಟದೆಯೇ ಕಸಿಯುವುದೆಂದರೆ ಇದೇ ಅಲ್ಲವೆ?

ನಾನು ಇಷ್ಟೆಲ್ಲ ಬರೆಯಲು ಕಾರಣ ಕಳೆದುಹೋದ ಕಾಲವಲ್ಲ, ಮುಂದೆ ಬರಲಿರುವ ದಿನ. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ನೀರನ್ನು 524.256 ಮೀಟರ್‌ವರೆಗೆ ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಅದಕ್ಕೆ ಬೇಕಾದ ಜಮೀನು ಒಟ್ಟು ಸುಮಾರು 1 ಲಕ್ಷ 33 ಸಾವಿರ ಎಕರೆ. ಅದರಲ್ಲಿ ಮುಳುಗಡೆಯದೇ 75 ಸಾವಿರ ಎಕರೆಗೆ ಮಿಕ್ಕಿದೆ. 2025ರ ಸೆಪ್ಟೆಂಬರ್ 16ರಂದು ರಾಜ್ಯ ಸಂಪುಟವು ಮುಳುಗಡೆಯ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ ರೂಪಾಯಿಗಳ ದರ ಗೊತ್ತು ಮಾಡಿತು. ಕಾಲುವೆಗೆ ಹೋಗುವ ಹೊಲಕ್ಕೆ ಬೇರೆ ದರ: ನೀರಾವರಿಗೆ 30 ಲಕ್ಷ, ಒಣ ಬೇಸಾಯಕ್ಕೆ 25 ಲಕ್ಷ. ಇದು ಒಪ್ಪಿಗೆಯ ಐತೀರ್ಪಿನ ದಾರಿ. ದರ ಚೆನ್ನಾಗಿದೆಯೆನ್ನುವವರೂ ಇದ್ದಾರೆ, ಸಾಲದೆನ್ನುವವರೂ ಇದ್ದಾರೆ. ನನ್ನ ಚಿಂತೆ ದರದ್ದಲ್ಲ, ಸಹಿಯದ್ದು. ಒಪ್ಪಿಗೆ ಕೊಟ್ಟವನು ಮುಂದೆ ಹೆಚ್ಚಿನ ಬೆಲೆಗೆ ಕೋರ್ಟಿನ ಮೆಟ್ಟಿಲು ಹತ್ತುವುದು ಬಹು ಕಷ್ಟ. ಅದನ್ನು ತಿಳಿದು, ತೂಗಿ ನೋಡಿ ಸಹಿ ಮಾಡಿದರೆ ಅದು ಒಪ್ಪಿಗೆ. ತಿಳಿಯದೆ ಒತ್ತಿದರೆ ಅದು ಬರಿಯ ಹೆಬ್ಬೆಟ್ಟು.

1894ರ ಕಾಯಿದೆ ಹೋಗಿ 2013ರ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ಬೆಲೆಯ ಮೇಲೆ ನೂರಕ್ಕೆ ನೂರು ಸಾಂತ್ವನ ಧನವಿದೆ. ಹಿಂದೆ ನೂರಕ್ಕೆ ಮೂವತ್ತಿತ್ತು. ಪೂರ್ತಿ ಪರಿಹಾರ ಕೊಟ್ಟ ಮೇಲೆಯೇ ಸ್ವಾಧೀನ ಪಡೆಯಬೇಕೆಂಬ ನಿಯಮವಿದೆ. ಇವೆಲ್ಲ ಒಳ್ಳೆಯವು. ಆದರೆ ತಕರಾರು ದಾಖಲಿಸದೆ ಹಣ ಪಡೆದವನು ಉಲ್ಲೇಖ ಕೇಳುವಂತಿಲ್ಲವೆಂಬ ಹಳೆಯ ಮಾತು ಹೊಸ ಕಾಯಿದೆಯಲ್ಲಿಯೂ 77ನೆಯ ಕಲಮಿನಲ್ಲಿ ಹಾಗೆಯೇ ಉಳಿದಿದೆ. ಮೂರು ತಿಂಗಳ ಗಡುವೂ 73ನೆಯ ಕಲಮಿನಲ್ಲಿ ಉಳಿದಿದೆ. ಅಂದಮೇಲೆ ನಮ್ಮ ಮುತ್ಯಾನಿಗಾದದ್ದು ನಾಳೆ ಮುದ್ದೇಬಿಹಾಳದ ಇನ್ನೊಬ್ಬ ಮುತ್ಯಾನಿಗೆ ಆಗಲಾರದೆಂದು ಹೇಗೆ ಹೇಳುವುದು?

ಆದುದರಿಂದ ಸರಕಾರಕ್ಕೆ ನನ್ನ ವಿನಂತಿ ಮೂರೇ ಮೂರು. ಒಪ್ಪಿಗೆಯ ಕಾಗದವನ್ನು ಸಹಿಗೆ ಮೊದಲು ಗ್ರಾಮಸಭೆಯಲ್ಲಿ ತಿಳಿಯುವ ಕನ್ನಡದಲ್ಲಿ ಓದಿ ಹೇಳಬೇಕು. ಹಣದ ರಸೀದಿಯ ಮೇಲೆಯೇ "ತಕರಾರಿನ ಮೇರೆಗೆ" ಎಂಬ ಸಾಲನ್ನು ಅಚ್ಚು ಹಾಕಿಸಿ, ಬೇಕಾದವನು ಗುರುತು ಮಾಡುವಂತಿರಬೇಕು. ಒಂದು ಅಧಿಸೂಚನೆಯ ಯಾವುದೇ ಹೊಲಕ್ಕೆ ನ್ಯಾಯಾಲಯ ಬೆಲೆ ಏರಿಸಿದರೆ, ಆ ಸುದ್ದಿಯನ್ನು ಉಳಿದ ಒಡೆಯರಿಗೆಲ್ಲ ಮನೆಗೆ ಮುಟ್ಟಿಸಬೇಕು. ಇವುಗಳಿಗೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಖರ್ಚಾಗುವುದು ಒಂದಿಷ್ಟು ಕಾಗದ, ಒಂದಿಷ್ಟು ಮನಸ್ಸು.

ಸರಕಾರ ಮಾಡುವವರೆಗೆ ನಾವು ಸುಮ್ಮನಿರಬೇಕೆಂದೇನೂ ಇಲ್ಲ. ಸಹಪಾಠಿಗಳೇ, ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಇಂದು ಕಾಲೇಜು ಮೆಟ್ಟಿಲು ಹತ್ತಿದ ಮಗನೋ ಮಗಳೋ ಇಲ್ಲದ ಹಳ್ಳಿ ಇರಲಾರದು. ರಜೆಗೆ ಊರಿಗೆ ಹೋದಾಗ ಚಾವಡಿಯ ಗೋಡೆಯ ಮೇಲಿನ ಕಾಗದವನ್ನು ನಿಂತು ಓದೋಣ, ಓದಿದ್ದನ್ನು ಕಟ್ಟೆಯ ಮೇಲೆ ಕುಳಿತವರಿಗೆ ಹೇಳೋಣ. ಯಾರದಾದರೂ ಪಹಣಿಯಲ್ಲಿ ಸತ್ತವರ ಹೆಸರೇ ಉಳಿದಿದ್ದರೆ ವಾರಸಾ ಅರ್ಜಿ ಬರೆದು ಕೊಡೋಣ. ಪರಿಹಾರದ ದಿನ ಅತ್ಯಂತ ಹೆಚ್ಚು ಕಾಡುವುದು ಅದೇ. ಗಡುವಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡೋಣ. ವಕೀಲರಾಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆ ಮಾಸ್ತರರಂತೆ ಕಂದೀಲಿನ ಬಳಿ ಒಂದು ಸಂಜೆ ಕುಳಿತುಕೊಳ್ಳುವುದು ಎಲ್ಲರಿಗೂ ಸಾಧ್ಯ.

ಇನ್ನು ಬಾಗೇವಾಡಿಯ ನನ್ನ ಗೆಳೆಯನ ಪ್ರಶ್ನೆ. ಅವನ ಊರು ಮುಳುಗಿದ್ದು ನಾಡಿನ ಹಕ್ಕಿನಿಂದ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ನಾಡಿಗೆ ಹಕ್ಕಿರುವಷ್ಟೇ ಋಣವೂ ಇದೆ. ಇಂಡಿ, ಸಿಂದಗಿಯ ಕಾಲುವೆಯಲ್ಲಿ ಹರಿಯುವ ನೀರಿನ ತಳದಲ್ಲಿ ಅವನ ಊರಿನ ಅಂಗಳವಿದೆ. ಆ ನೀರಿನಿಂದ ಬೆಳೆದ ಜೋಳದ ರೊಟ್ಟಿಯನ್ನು ಹಾಸ್ಟೆಲಿನಲ್ಲಿ ಅವನೊಡನೆ ಹಂಚಿಕೊಂಡು ತಿನ್ನುವ ನಾವು ಅವನ ಪ್ರಶ್ನೆಗೆ ನಗಬಾರದಿತ್ತು. ಅವನ ಊರಿನವರಿಗೆ ಇನ್ನೂ ಬರಬೇಕಾದುದೇನಾದರೂ ಇದ್ದರೆ, ಆ ಅರ್ಜಿಯನ್ನು ಬರೆಯುವ ಕೈಗಳಲ್ಲಿ ಒಂದು ಕೈ ಇಂಡಿಯದೂ ಒಂದು ಕೈ ಸಿಂದಗಿಯದೂ ಆಗಿರಲಿ.